ನಾಲ್ಕಡಿ ಹಿಮ

ಬೆಳಗಿನ ಹಿಮದ ವರದಿ ನೋಡಿದ್ದೇ ಸ್ಕೀ ರೆಸಾರ್ಟಿನ ಮ್ಯಾನೇಜರಿಗೆ ಮೈಯೆಲ್ಲ ಉರಿದುಹೋಯಿತು.

"ರಾತ್ರಿ ಬಿದ್ದಿದ್ದು ಬರೀ ನಾಲ್ಕು ಇಂಚು ಅಂತ ಬರೆದಿದ್ದೀಯಲ್ಲ, ಇದನ್ನ ಓದಿ ಯಾವ ಪುಣ್ಯಾತ್ಮ ಬರ್ತಾನೆ ಇಲ್ಲಿ ಜಾರೋಕೆ?"

"ಇಳಿಜಾರಲ್ಲೇ ಕೋಲು ನೆಟ್ಟು ಅಳೆದೆ ಸಾಹೇಬ್ರೇ. ಅಲ್ಲಲ್ಲಿ ಹುಲ್ಲೂ ಕಾಣ್ತಿದೆ," ಅಂದ ಹಿಮ ಅಳೆಯುವ ಮುದುಕ.

"ಅಡುಗೆಮನೆ ಹಿಂದೆ ನೆಡು. ಸೂರಿಂದ ಜಾರಿ ಬಿದ್ದಿದ್ದೆಲ್ಲ ಅಲ್ಲೇ ರಾಶಿಯಾಗಿದೆ."

ಅಲ್ಲಿ ಕೋಲು ನಾಲ್ಕಡಿ ಮುಳುಗಿತು. 'ಒಂದೇ ರಾತ್ರಿಗೆ ನಾಲ್ಕಡಿ ಹೊಸ ಹಿಮ!' ಎಂದು ಮ್ಯಾನೇಜರ್ ತಾನೇ ಬರೆದು, ಸಹಿ ಜಡಿದು, ಊರಿಗೆಲ್ಲ ಟಾಂಟಾಂ ಮಾಡಿದ. ಮಧ್ಯಾಹ್ನದೊಳಗೆ ಕೋಣೆಗಳೆಲ್ಲ ಮುಂಗಡವಾಗಿ ಬುಕ್. ಮೀಸೆ ತಿರುವುತ್ತ ಕೂತಿದ್ದಾಗ ಜಿಲ್ಲಾಡಳಿತದಿಂದ ಫೋನ್ ಬಂತು.

"ನಿಮ್ಮ ವರದಿ ನೋಡಿದೆವು. ಒಂದೇ ಸಲ ಅಷ್ಟು ಬಿದ್ದಿದೆ ಅಂದ್ರೆ ಬೆಟ್ಟದಿಂದ ಹಿಮ ಜರಿದು ಬೀಳೋ ಅಪಾಯ. ಹತ್ತು ದಿನ ನಿಮ್ಮ ರಸ್ತೆ ಬಂದ್."

"ಅಯ್ಯೋ ಸಾರ್, ಇಲ್ಲಿ ಹುಲ್ಲು ಮುಚ್ಚೋವಷ್ಟೂ ಹಿಮ ಇಲ್ಲ!"

"ಹೌದಾ? ಹಾಗಂತ ನೀವೇ ಬರೆದು, ಸಹಿ ಹಾಕಿ, ಊರಿಗೆಲ್ಲ ಕಳಿಸಿಬಿಡಿ. ಆ ಕ್ಷಣವೇ ರಸ್ತೆ ತೆರೀತೀವಿ."