ಯುಗಾದಿಯ ಚೀಟಿ

ನೀಲಾವತಿ ಓಡಿಬಂದು ತಾಯಮ್ಮನ ಕೈಯಲ್ಲಿದ್ದ ಊಟದ ಡಬ್ಬಿಯನ್ನು ಕಸಿದು ಮೇಜಿನ ಮೇಲಿಟ್ಟಳು. "ಅಕ್ಕಾ, ಈ ಸಲ ನೀನೂ ಹಳದಿ! ಇಲ್ಲೇ ಕೂತ್ಕೊ, ನನ್ನ ಪಕ್ಕ."

ಪ್ರತಿ ಯುಗಾದಿಯ ಮರುದಿನ ಊರಿನವರೆಲ್ಲ ಮಾಡುವಂತೆ, ಅಗರಬತ್ತಿ ಕಾರ್ಖಾನೆಯ ಹೆಂಗಸರೂ ಬೆಳಿಗ್ಗೆ ಬಿಂದಿಗೆಯಿಂದ ಚೀಟಿ ಎತ್ತಿ, ಬಂದ ಬಣ್ಣದ ದಾರವನ್ನು ಮಣಿಕಟ್ಟಿಗೆ ಕಟ್ಟಿಕೊಂಡಿದ್ದರು. ಮುಂದಿನ ಯುಗಾದಿಯವರೆಗೆ ಊಟಕ್ಕೆ ಹಳದಿಯವರಿಗೆ ಮೇಜು, ನೀಲಿಯವರಿಗೆ ಹೊರಗಿನ ಜಗಲಿ. ಹೋದ ವರ್ಷ ನೀಲಾವತಿಗೆ ಹಳದಿ, ತಾಯಮ್ಮನಿಗೆ ನೀಲಿ ಬಂದಿತ್ತು. ಅದಕ್ಕೂ ಮೊದಲು ಐದು ವರ್ಷ ಒಂದೇ ಬಣ್ಣ ಬಂದು, ಇಬ್ಬರೂ ಒಂದೇ ಡಬ್ಬಿಯಲ್ಲಿ ಉಂಡವರು.

ತಾಯಮ್ಮ ಡಬ್ಬಿಯ ಮುಚ್ಚಳ ತೆಗೆದಳು. ಹುರುಳಿಕಾಳಿನ ಪಲ್ಯ.

"ವಾಸನೆ ಬರ್ತಿದ್ಯಾ, ನೀಲಾ?"

ನೀಲಾವತಿಯ ಕಿವಿ ಬಿಸಿಯಾಯಿತು. ಹೋದ ವರ್ಷ ತಾಯಮ್ಮ ತಂದ ಇದೇ ಪಲ್ಯವನ್ನು, ನೀಲಿಯವರ ಕೈ ನಾರುತ್ತದೆಂದು ಎಲ್ಲರೆದುರು ನಾಯಿಗೆ ಸುರಿದಿದ್ದಳು. ನಾಟಕವಾಡಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಅಂದು ಅವಳ ಮೂಗಿಗೆ ನಿಜವಾಗಿಯೂ ನಾತ ಬಡಿದಿತ್ತು. ಇಂದು ಒಗ್ಗರಣೆಯ ಘಮವಷ್ಟೇ.

"ಹೋದ ವರ್ಷದ ಮಾತ್ಯಾಕೆ ಬಿಡಕ್ಕ," ಎಂದು ತಡವರಿಸುತ್ತ ತನ್ನ ಪುಳಿಯೋಗರೆಯಲ್ಲಿ ಅರ್ಧವನ್ನು ಮುಚ್ಚಳಕ್ಕೆ ಹಾಕಿ ಮುಂದೆ ಚಾಚಿದಳು. "ತಗೋ, ನಿಂಗಿಷ್ಟ ಅಂತ ಕಡಲೆಬೀಜ ಜಾಸ್ತಿ ಹಾಕಿದೀನಿ."

ತಾಯಮ್ಮ ತನ್ನ ಡಬ್ಬಿ ಮುಚ್ಚಿ ಎದ್ದಳು.

"ಬೇಡ. ನಿನ್ನ ಜೊತೆ ನಾನು ಉಣ್ಣಲ್ಲ."