ಅಮ್ಮನ ನೇರಳೆ ಜೋಳ

ಪರೀಕ್ಷೆಯ ಕಾಗದದ ಪಟ್ಟಿಯ ಮೇಲೆ ಎರಡನೆಯ ಕೆಂಪು ಗೆರೆ ಮೂಡಿದಾಗ ಬೀಜ ಭಂಡಾರದ ಅಧಿಕಾರಿ ಕನ್ನಡಕ ತೆಗೆದರು. "ಇದರಲ್ಲಿ ಕುಲಾಂತರಿ ಜೋಳ ಬೆರೆತಿದೆ ತಾಯಿ. ಇನ್ನು ಇದನ್ನ ನಾಟಿ ತಳಿ ಅಂತ ತಗೊಳ್ಳೋಕೆ ನಿಯಮ ಬಿಡೋದಿಲ್ಲ."

ಅಕ್ಕ ತಾನು ತಂದಿದ್ದ ಬೀಜದ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ತೀರಿಹೋದ ಅಮ್ಮ ಜೀವಮಾನವಿಡೀ ಆರಿಸಿ ಉಳಿಸಿದ್ದ ನೇರಳೆ ಮೆಕ್ಕೆಜೋಳ ಅದು. ಹಳೆಯ ಬೀಜವನ್ನೆಲ್ಲ ಹೋದ ಸಲವೇ ಬಿತ್ತಿಯಾಗಿತ್ತು. ಬೇರೆ ಯಾರ ಬಳಿಯೂ ಅದು ಇರಲಿಲ್ಲ. ಪಕ್ಕದ ಹೊಲ ತಮ್ಮನದು. ಅವನು ಬೆಳೆದ ಹೊಸ ಜೋಳದ ಪರಾಗವನ್ನು ಗಾಳಿ ಬೇಲಿ ದಾಟಿಸಿತ್ತು.

"ಬೈದುಬಿಡು ಅಕ್ಕ." ಬಾಗಿಲಲ್ಲಿ ನಿಂತಿದ್ದ ತಮ್ಮ ಒಳಗೆ ಬಂದ. "ಹುಳಕ್ಕೆ ಔಷಧಿ ಹೊಡೆದೂ ಹೊಡೆದೂ ನನ್ನವಳು ಹಾಸಿಗೆ ಹಿಡಿದಿದ್ದಳು. ಈ ಬೀಜಕ್ಕೆ ಔಷಧಿ ಬೇಡ ಅಂದರು, ಅದಕ್ಕೇ ತಂದು ಬಿತ್ತಿದೆ. ಗಾಳಿ ವಿಷಯ ನನಗೆ ಹೊಳೀಲೇ ಇಲ್ಲ."

ಅಕ್ಕನ ನಾಲಿಗೆ ತುದಿಗೆ ಬಂದಿದ್ದ ಮಾತು ಅಲ್ಲೇ ನಿಂತಿತು. "ಈಗ ಅವಳ ಕೆಮ್ಮು ಹೇಗಿದೆ?"

"ಕಡಿಮೆಯಾಗಿದೆ. ನಿದ್ದೆ ಮಾಡ್ತಾಳೆ."

"ಸದ್ಯ," ಎಂದಳು ಅಕ್ಕ. ಡಬ್ಬಿಯೊಳಗೆ ಕೈಯಿಟ್ಟು ಸ್ವಲ್ಪ ಹೊತ್ತು ಬೀಜಗಳನ್ನು ಸವರುತ್ತಿದ್ದಳು. ಆಮೇಲೆ ಮುಚ್ಚಳ ಹಾಕಿ ಡಬ್ಬಿಯನ್ನು ತಮ್ಮನ ಕೈಗಿತ್ತಳು.

"ಕೋಳಿಗಳಿಗೆ ಹಾಕಿಬಿಡು. ನನ್ನ ಕೈಲಿ ಆಗಲ್ಲ."