ಹೂಂಗುಟ್ಟುವ ವಿದ್ಯೆ

ಮಾದರಿ ಪಾಠದ ಪುಸ್ತಕ ಮುಚ್ಚಿ, ಪೆನ್ಸಿಲ್ ಕೈಗೆತ್ತಿಕೊಂಡು, "ಈಗ ಒಪ್ಪಿಸು," ಎಂದಳು ಲವೀನಾ.

ಒಂಬತ್ತು ವರ್ಷದ ಮಗಳು ಮರೀಟಾ ಎದ್ದು ನಿಂತಳು. "ಒಬ್ಬರು ಪಾದ್ರಿ ಇದ್ದರು. ಅವರ ಹಡಗು ಒಡೆಯಿತು. ಅವರು ದಡ ಸೇರಿದರು. ಅಲ್ಲಿಯ ಭಾಷೆ ಕಲಿತರು."

"ಹೂಂ, ಮತ್ತೆ?" ಎಂದಳು ಲವೀನಾ, ಬಿಟ್ಟುಹೋದದ್ದಕ್ಕೆ ಹಾಳೆಯಲ್ಲೊಂದು ತಪ್ಪು ಗುರುತು ಹಾಕುತ್ತ.

"ಮತ್ತೆ ಎಂತ ಇಲ್ಲ ಮಮ್ಮಿ."

ಎಂಟು ಪುಟದ ಪಾಠ ನಾಲ್ಕು ವಾಕ್ಯದಲ್ಲಿ ಮುಗಿದಿತ್ತು. ಶಾಲೆಯ ಕೆಲಸ ಬಿಟ್ಟು, ಮಗಳನ್ನೂ ಶಾಲೆ ಬಿಡಿಸಿ ಮನೆಯಲ್ಲೇ ಕಲಿಸಲು ಹೊರಟವಳು ಲವೀನಾ. ಎನ್.ಆರ್. ಪುರದ ಅವರ ಬೀದಿಯಲ್ಲಿ ಅದು ಯಾರೂ ಮಾಡದ ಸಾಹಸ. ಕ್ರೈಸ್ತ ಇತಿಹಾಸ, ಸಾಹಿತ್ಯ ಎರಡೂ ಇರುವ ಪಠ್ಯಕ್ರಮಗಳನ್ನು ಸೋಸಿ ಸೋಸಿ ಕೊನೆಗೆ ಎರಡನ್ನು ಉಳಿಸಿಕೊಂಡು, ಅವುಗಳ ಮಾದರಿ ಪಾಠ ತರಿಸಿದ್ದಳು. ಒಂದರಲ್ಲಿ ಪ್ರತಿ ಪಾಠಕ್ಕೆ ಮೂವತ್ತು ಪ್ರಶ್ನೆ, ಹಿಂದೆ ಉತ್ತರ. ಇನ್ನೊಂದರಲ್ಲಿ ಬರೀ ಕಥೆ. ಕೇಳಿದ್ದನ್ನು ಮಗು ತನ್ನ ಮಾತಿನಲ್ಲಿ ತಿರುಗಿ ಹೇಳಬೇಕು. ಲವೀನಾಳ ಮನಸ್ಸಿದ್ದದ್ದು ಕಥೆಯದ್ದರ ಮೇಲೆ. ಆದರೆ ಬಾಯಿ ಬಿಡದ ಮಗುವಿಗೆ ಅದನ್ನು ತರಿಸಿ ಏನು ಪ್ರಯೋಜನ? ಪ್ರಶ್ನೆಗಳದ್ದೇ ಇರಲಿ ಎಂದುಕೊಂಡು, ಮಗಳನ್ನು ಆಟಕ್ಕೆ ಬಿಟ್ಟು, ಸ್ವಲ್ಪ ಹೊತ್ತಿನ ಮೇಲೆ ಬಟ್ಟೆ ಒಣಗಿಸಲು ಹಿತ್ತಿಲಿಗೆ ಹೋದಳು.

ಬೇಲಿಯಾಚೆ, ಪಕ್ಕದ ಮನೆಯ ಕಲ್ಲಮ್ಮನ ಜಗಲಿಯಿಂದ ಮರೀಟಾಳ ದನಿ ಕೇಳಿಸಿತು.

"ಹಡಗು ಅಂದ್ರೆ ನಮ್ ಬಸ್ ಸ್ಟ್ಯಾಂಡಿಗಿಂತ ದೊಡ್ಡದಜ್ಜಿ. ಅದು ಢಂ ಅಂತ ಬಂಡೆಗೆ ಹೊಡೀತು."

"ಹೂಂ," ಎಂದಳು ಕಲ್ಲಮ್ಮ, ಕೆಸುವಿನ ಎಲೆಯ ನಾರು ತೆಗೆಯುತ್ತ.

"ಪಾದ್ರಿ ಒಂದು ಹಲಗೆ ಹಿಡ್ಕೊಂಡು ಮೂರು ದಿನ ತೇಲಿದ್ರು."

"ಹೂಂ. ಪಾಪ, ಒದ್ದೆ ಬಟ್ಟೇಲೇ? ಯಾರೂ ಒಂದು ಪಂಚೆ ಕೊಡ್ಲಿಲ್ವ?"

"ಕೊಟ್ರಜ್ಜಿ. ದಡದಲ್ಲಿ ನಿಮ್ಮಂಥ ಒಬ್ರು ಅಜ್ಜಿ ಇದ್ರು. ಪಂಚೆಗೆ ಆ ಊರಲ್ಲಿ ಎಂತ ಅಂತಾರೋ, ಪಾದ್ರಿ ಮೊದಲು ಕಲ್ತಿದ್ದು ಅದೇ ಶಬ್ದ."

ಪುಸ್ತಕದಲ್ಲಿ ಅಜ್ಜಿಯೂ ಇರಲಿಲ್ಲ, ಪಂಚೆಯೂ ಇರಲಿಲ್ಲ. ಆದರೂ ಪುಸ್ತಕಕ್ಕಿಂತ ಚೆನ್ನಾಗಿತ್ತು. ಲವೀನಾಳ ಹೊಟ್ಟೆ ಉರಿದದ್ದು ಅದಕ್ಕೇ. ಹೆತ್ತವಳಿಗೆ ನಾಲ್ಕು ವಾಕ್ಯ, ಪಕ್ಕದ ಮನೆಯವಳಿಗೆ ಇಡೀ ಸಮುದ್ರ! ಬಟ್ಟೆಯನ್ನು ಬಕೆಟ್ಟಿನಲ್ಲೇ ಬಿಟ್ಟು ಬೇಲಿ ದಾಟಿದಳು.

"ಕಲ್ಲಮ್ಮಾರೇ, ಇವ್ಳನ್ನ ಹೀಗೆ ಕೂರಿಸ್ಕೊಂಡ್ರೆ ಪಾಠ ಹಾಳಾಗ್ತದೆ."

"ನಿಮ್ಮ ಪಾಠಾನೇ ಅಲ್ವಾ ಟೀಚರಮ್ಮ ಹೇಳ್ತಿದ್ದದ್ದು? ದಿನಾ ಬಂದು ಹೇಳ್ತದೆ ನಮ್ ಮರಿ. ನಂಗೆ ಓದಾಕೆ ಬರಲ್ಲ, ಹೂಂ ಅನ್ನಾಕೆ ಬತ್ತದೆ, ಅಷ್ಟೆ."

ದಿನಾ ಅಂತೆ. ನಮ್ಮ ಮರಿಯಂತೆ. ಲವೀನಾ ಮಗಳ ಕೈ ಹಿಡಿದು ಮನೆಗೆ ಕರೆತಂದಳು. ಬಿ.ಎಡ್. ಮಾಡಿ ಹನ್ನೊಂದು ವರ್ಷ ಪಾಠ ಹೇಳಿದವಳಿಗೆ ಒಂದು ಹೂಂ ಅನ್ನಲು ಬಾರದೇ? ಬಂದವಳೇ ಫೋನ್ ತೆಗೆದು ಕಥೆಯ ಪಠ್ಯಕ್ರಮವನ್ನೇ ಆರ್ಡರ್ ಮಾಡಿದಳು. ಇನ್ನು ಕಥೆ ಹೇಳುವುದಿದ್ದರೆ ಈ ಮನೆಯಲ್ಲಿ, ತನಗೆ. ಅಷ್ಟಕ್ಕೇ ನಿಲ್ಲದೆ ನೆಲದ ಮೇಲೆ ಕಾಲು ಚಾಚಿ ಕುಳಿತು, ಫ್ರಿಜ್ಜಿನಲ್ಲಿದ್ದ ಹರಿವೆ ಸೊಪ್ಪನ್ನೂ ಮಡಿಲಿಗೆ ಸುರಿದುಕೊಂಡಳು.

"ಬಾ ಪುಟ್ಟಾ, ಕೂತ್ಕೋ. ಹಡಗಿನ ಕಥೆ ನಂಗೂ ಹೇಳು."

ಮರೀಟಾ ಎದುರು ಕುಳಿತಳು. ಅಮ್ಮನ ಕೈಯಲ್ಲಿದ್ದ ಸೊಪ್ಪನ್ನು ನೋಡಿ ಅವಳ ಮುಖ ಸ್ವಲ್ಪ ಅರಳಿತು. "ಹಡಗು ಢಂ ಅಂತ ಬಂಡೆಗೆ ಹೊಡೀತು ಮಮ್ಮಿ."

"ಹೂಂ," ಎಂದಳು ಲವೀನಾ, ಆದಷ್ಟು ಮೆತ್ತಗೆ.

ಮಗಳು ಥಟ್ಟನೆ ಎದ್ದು ನಿಂತು ಕೈ ಕಟ್ಟಿಕೊಂಡಳು.

"ತಪ್ಪಾಯ್ತಾ ಮಮ್ಮಿ?"